ಯಾರೂ ನಗದ ಭಾಷೆ

ಭಾನುವಾರ ಮಧ್ಯಾಹ್ನದ ಊಟ ಮುಗಿಯುತ್ತಲೇ ಲಂಡನ್ನಿನ ಹ್ಯಾರೋದ ನಮ್ಮ ಮನೆಯಿಂದ ಧಾರವಾಡಕ್ಕೆ ಫೋನು ಹಚ್ಚುತ್ತಿದ್ದೆ. ತೊಂಬತ್ತರ ದಶಕದ ನಡುವಿನ ಮಾತು ಇದು. ಆ ಕಡೆ ಅವ್ವ, ನನ್ನ ತಾಯಿ, ಅಣ್ಣನ ಮನೆಯ ಪಡಸಾಲೆಯಲ್ಲಿ ಫೋನಿನ ಪಕ್ಕವೇ ಕೂತಿರುತ್ತಿದ್ದಳು. ನನ್ನ ಆರೋಗ್ಯ, ಅಳಿಯನ ಆರೋಗ್ಯ, ಲಂಡನ್ನಿನ ಥಂಡಿ ಎಲ್ಲವನ್ನೂ ಲಗುಬಗೆಯಿಂದ ವಿಚಾರಿಸಿ ಮುಗಿಸಿ, “ಆತು ಬಿಡು, ಕೂಸಿನ ಕಡೆ ಕೊಡು” ಎನ್ನುತ್ತಿದ್ದಳು. ಕೂಸು ಎಂದರೆ ನನ್ನ ಮಗಳು. ಹದಿನೈದು ದಾಟಿ ನನಗಿಂತ ಎತ್ತರ ಬೆಳೆದ ಕೂಸು. ಅವಳು ಫೋನು ಹಿಡಿದು “ಹಾಯ್ ಅಜ್ಜಿ” ಎನ್ನುವಳು. ಆ ಕಡೆಯಿಂದ ಪ್ರಶ್ನೆಯ ಮೇಲೆ ಪ್ರಶ್ನೆ. ಇವಳು “ಎಸ್”, “ನೋ”, “ಫೈನ್” ಎಂದು ಅಷ್ಟನ್ನೇ ಉದುರಿಸಿ, ಫೋನನ್ನು ನನ್ನ ಕೈಗೆ ತುರುಕಿ ಮೆಟ್ಟಿಲು ಹತ್ತಿ ಹೋಗಿಬಿಡುವಳು.

ಆ ವರ್ಷ ಅವ್ವನ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯೂ ಅದೇ ದಾರಿ ಹಿಡಿದಿದೆ, ಮಷೀನು ಹಾಕಿದರೂ ಬಹಳ ದಿನ ನಡೆಯಲಿಕ್ಕಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರಂತೆ. ಅವ್ವ ಅಳುವ ಪೈಕಿ ಅಲ್ಲ. ಆದರೆ ಒಂದು ಭಾನುವಾರ ಹೇಳಿದಳು: “ಇದೊಂದು ಕಿವಿ ಇರೂದ್ರಾಗ ನನ್ನ ಮೊಮ್ಮಗಳ ಬಾಯಿಂದ ನಾಕು ಕನ್ನಡ ಮಾತು ಕೇಳಬೇಕವಾ. ಆಮ್ಯಾಲ ದೇವರು ಬೇಕಾದ್ರ ಕೀಲಿ ಹಾಕಲಿ.”

ಫೋನು ಇಟ್ಟಮೇಲೆ ನಾನು ಪಾತ್ರೆಗಳನ್ನು ಎಷ್ಟು ಜೋರಾಗಿ ತಿಕ್ಕಿದೆನೆಂದರೆ ಒಂದು ಲೋಟದ ಅಂಚು ಮುರಿಯಿತು. ನನ್ನ ಸಿಟ್ಟು ಹಾಗೆಯೇ, ಮೊದಲು ಪಾತ್ರೆಗಳ ಮೇಲೆ ಬರುತ್ತದೆ.

ಮಗಳಿಗೆ ಕನ್ನಡ ತಿಳಿಯುತ್ತಿರಲಿಲ್ಲ ಎಂದಲ್ಲ. ಎಲ್ಲ ತಿಳಿಯುತ್ತಿತ್ತು. ಅಡುಗೆಮನೆಯಲ್ಲಿ ನಾನು ಅವರಪ್ಪನ ಮೇಲೆ ಗೊಣಗುವುದೂ ತಿಳಿಯುತ್ತಿತ್ತು, ಅದನ್ನು ಅವರಪ್ಪನಿಗೆ ಇಂಗ್ಲಿಷಿನಲ್ಲಿ ಮುಟ್ಟಿಸುವಷ್ಟು ಚೆನ್ನಾಗಿ ತಿಳಿಯುತ್ತಿತ್ತು. ಬಾಯಿ ಬಿಟ್ಟರೆ ಮಾತ್ರ ಇಂಗ್ಲಿಷೇ. ಸಣ್ಣವಳಿದ್ದಾಗ ಹೀಗಿರಲಿಲ್ಲ. ಏಳು ವರ್ಷದವರೆಗೆ ಅರಳು ಹುರಿದ ಹಾಗೆ ಮಾತಾಡುತ್ತಿದ್ದಳು, ಅದೂ ನಮ್ಮ ಧಾರವಾಡದ ಕನ್ನಡ. ಆ ವರ್ಷದ ಬೇಸಿಗೆಗೆ ಊರಿಗೆ ಹೋಗಿದ್ದೆವು. ನನ್ನ ಗೆಳತಿಯ ಮದುವೆಯೆಂದು ಮಗಳನ್ನು ಅವ್ವನ ಹತ್ತಿರ ಬಿಟ್ಟು ನಾನು ಒಂದು ವಾರ ಬೆಳಗಾವಿಗೆ ಹೋಗಿದ್ದೆ. ಬಂದು ನೋಡಿದರೆ ಹುಡುಗಿ ಮಂಕಾಗಿದ್ದಳು. ಬಿಸಿಲಿಗೆ ಬಳಲಿದ್ದಾಳೆ ಎಂದುಕೊಂಡೆ. ಲಂಡನ್ನಿಗೆ ಬಂದಮೇಲೂ ಮಾತು ಮರಳಲಿಲ್ಲ. ಆಗ ಶಾಲೆಯನ್ನು ಬೈದೆ, ಟಿವಿಯನ್ನು ಬೈದೆ, ಹೋಂವರ್ಕ್ ನೆಪದಲ್ಲಿ ಮಗಳ ಜೊತೆ ಇಂಗ್ಲಿಷ್ ಹೊಡೆಯುವ ಗಂಡನನ್ನಂತೂ ಉಪ್ಪು ಖಾರ ಹಚ್ಚಿ ಬೈದೆ. ಪಾಪ, ಅವರು ಬೈಸಿಕೊಂಡರು.

ಕನ್ನಡದವರ ಕೂಟಕ್ಕೆ ಕರೆದುಕೊಂಡು ಹೋದರೆ ಬಾಯಿ ಬಿಟ್ಟಾಳು ಎಂದು ಅದನ್ನೂ ಮಾಡಿದೆ. ಯುಗಾದಿಗೆ ಒಂದು ಶಾಲೆಯ ಹಾಲ್‌ನಲ್ಲಿ ಎಲ್ಲರೂ ಸೇರುತ್ತಿದ್ದೆವು. ಬೆಂಗಳೂರಿನವರು, ಮೈಸೂರಿನವರು, ಮಂಗಳೂರಿನವರು, ನಮ್ಮ ಕಡೆಯವರು ಒಂದಷ್ಟು. ಒಬ್ಬಾಕೆ ನನ್ನ ಮಾತು ಕೇಳಿ ಕೈ ತಟ್ಟಿ, “ಅಯ್ಯೋ, ನಿಮ್ಮ ಭಾಷೆ ಎಷ್ಟು ಕ್ಯೂಟ್ ಅಲ್ವಾ! ಇನ್ನೊಂದ್ಸಲ ಹೇಳಿ, ನಮ್ಮೆಜಮಾನ್ರು ಕೇಳ್ಬೇಕು” ಎಂದು ಗಂಡನನ್ನು ಕರೆದರು. ಕ್ಯೂಟ್ ಅನ್ನಲಿಕ್ಕೆ ನಾನೇನು ನಾಯಿಮರಿಯೇ? ಮೈಯೆಲ್ಲ ಉರಿಯಿತು. ಆದರೂ ಹೋಳಿಗೆಯ ತಟ್ಟೆ ಕೈಯಲ್ಲಿತ್ತು, ಹಬ್ಬದ ದಿನ, ಸುಮ್ಮನಾದೆ. ಮುಂದಿನ ಸಲದಿಂದ ಆ ಹಾಲ್‌ನ ಬಾಗಿಲು ದಾಟುತ್ತಲೇ ನನ್ನ ನಾಲಿಗೆ ತಾನಾಗಿಯೇ “ಹೌದು, ಅಲ್ವಾ, ಬನ್ನಿ” ಎಂದು ಬೆಂಗಳೂರು ಕಡೆಗೆ ತಿರುಗಿಬಿಡುತ್ತಿತ್ತು. ಮಗಳು ಅದನ್ನೆಲ್ಲ ಗೋಡೆಗೆ ಒರಗಿ ನೋಡುತ್ತಿದ್ದಳು. ಒಂದು ಮಾತೂ ಆಡಲಿಲ್ಲ.

ಇಂಥ ಮನೆಯೊಳಗೆ ಇಂಡೊನೇಷ್ಯಾದ ಭಾಷೆ ಬಂದದ್ದು ಗಂಡನ ಕೆಲಸದಿಂದ. ಅವರು ಎಲೆಕ್ಟ್ರಿಕಲ್ ಇಂಜಿನಿಯರು. ಜಾವಾ ದ್ವೀಪದ ಸುರಬಾಯಾ ಊರಿನ ಹತ್ತಿರ ಒಂದು ವಿದ್ಯುತ್ ಸ್ಥಾವರ ಕಟ್ಟುವ ಕೆಲಸಕ್ಕೆ ಅವರನ್ನು ಕಳಿಸಿದರು. ಮಗಳ ಪರೀಕ್ಷೆ ಮುಗಿದ ಮೇಲೆ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗುವುದೆಂದು ನಿಶ್ಚಯವಾಯಿತು. ಅಷ್ಟರಲ್ಲಿ ಕೌನ್ಸಿಲ್‌ನವರ ಸಂಜೆ ತರಗತಿಗಳ ಪುಸ್ತಿಕೆ ಬಾಗಿಲ ಕಿಂಡಿಯಿಂದ ಬಿತ್ತು. ಹೂ ಜೋಡಿಸುವುದು, ಕೇಕ್ ಮೇಲೆ ಸಕ್ಕರೆಯ ಚಿತ್ತಾರ ಬಿಡಿಸುವುದು, ಅವುಗಳ ಮಧ್ಯೆ ಇಂಡೊನೇಷ್ಯನ್. ನಾನು ಹೆಸರು ಕೊಡುತ್ತೇನೆ ಎಂದಾಗ ಮಗಳು ತಾನೂ ಬರುತ್ತೇನೆ ಎಂದಳು. ನನ್ನ ಮೇಲಿನ ಪ್ರೀತಿಯಿಂದಲ್ಲ. ಅಲ್ಲಿಗೆ ಹೋದಮೇಲೆ ತನ್ನ ಪರವಾಗಿ ನಾನು ಮಾತಾಡಿ ಮಾನ ಕಳೆಯುತ್ತೇನೆ ಎಂಬ ಹೆದರಿಕೆಯಿಂದ.

ಪಾಠ ಹೇಳುವವರು ಜಾವಾದವರೇ, ಇಂಗ್ಲಿಷರವನನ್ನು ಮದುವೆಯಾಗಿ ಬಂದ ಸಣಕಲು ಹೆಂಗಸು. ಅವರದೊಂದು ಪದ್ಧತಿ ಇತ್ತು. ನಾವು ಏನೇ ಅಂದರೂ, ಎಷ್ಟೇ ತಪ್ಪಾಗಿ ಅಂದರೂ, ಅವರು ಎರಡೂ ಕೈ ಎತ್ತಿ “ಪಿಂತಾರ್!” ಎನ್ನುವರು. ಜಾಣೆ ಎಂದರ್ಥ. ತಪ್ಪನ್ನು ಆಮೇಲೆ, ಮೆಲ್ಲಗೆ, ತಮ್ಮದೇ ಮಾತಿನೊಳಗೆ ಸೇರಿಸಿ ತಿದ್ದುವರು. ನನಗೆ ಮೊದಲು ನಂಬಿಕೆ ಬರಲಿಲ್ಲ. ನಮ್ಮ ಧಾರವಾಡದ ಮಾಸ್ತರರ ಕೈಯಲ್ಲಿ ಕಲಿತವಳು ನಾನು, ಹೊಗಳಿದರೆ ಏನೋ ಮಸಲತ್ತು ಇದೆ ಎಂದೇ ತಿಳಿಯುವವಳು. ಒಂದು ಸಂಜೆ ಯಾವುದೋ ಪ್ರಶ್ನೆಗೆ ಉತ್ತರ ಹೇಳುವಾಗ ರೂಢಿಯಂತೆ ಕೊನೆಗೆ “ರೀ” ಎಂದು ಸೇರಿಸಿಬಿಟ್ಟೆ. ಮಗಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಟೀಚರು ಏನದು ಎಂದು ಕೇಳಿದರು. ಅದು ಹಿರಿಯರಿಗೆ, ಗುರುತಿಲ್ಲದವರಿಗೆ, ಯಾರಿಗೇ ಆಗಲಿ ನಾವು ಕೊಡುವ ಮರ್ಯಾದೆ ಎಂದೆ. ಅವರ ಕಣ್ಣು ಅರಳಿತು. ತಮ್ಮ ಊರಿನಲ್ಲೂ ಮರ್ಯಾದೆ ಇಲ್ಲದೆ ಮಾತಿಲ್ಲ, ಲಂಡನ್ನಿಗೆ ಬಂದಾಗ ಎಲ್ಲರಿಗೂ ಒಂದೇ ‘ಯೂ’ ಎಂದು ಕೇಳಿ ಒಂದು ವರ್ಷ ಬಾಯಿಗೆ ರುಚಿಯೇ ಇರಲಿಲ್ಲ ಎಂದರು. ಮಗಳು ಕಾಲು ತೆಗೆದಳು.

ಮನೆಯಲ್ಲಿ ಅಭ್ಯಾಸಕ್ಕೆಂದು ಅವರು ತಮ್ಮದೇ ದನಿಯಲ್ಲಿ ಒಂದು ಕ್ಯಾಸೆಟ್ ಮಾಡಿ ಕೊಟ್ಟರು. ಒಂದು ಪ್ರಶ್ನೆ, ಆಮೇಲೆ ನಾವು ಉತ್ತರ ಹೇಳಲಿಕ್ಕೆ ಸ್ವಲ್ಪ ಹೊತ್ತು ನಿಶ್ಶಬ್ದ, ಮತ್ತೆ ಅದೇ ಪ್ರಶ್ನೆ. ಅವರ ಅಡುಗೆಮನೆಯಲ್ಲೇ ರೆಕಾರ್ಡ್ ಮಾಡಿದ್ದಿರಬೇಕು, ಒಂದು ಕಡೆ ಕೆಟಲ್ ಸೀಟಿ ಹೊಡೆಯುವುದೂ ಕೇಳುತ್ತಿತ್ತು. ಅಪಾ ಕಬರ್, ಹೇಗಿದ್ದೀರಿ. ಕಬರ್ ಎಂದರೆ ನಮ್ಮ ಖಬರೇ! ಆ ದಿನ ನಾನು ಮನೆತುಂಬ ಕುಣಿದೆ. ಮೌ ಕೆ ಮನಾ, ಎತ್ತ ಹೊರಟಿರಿ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಆ ಜನ ಇದನ್ನೇ ಕೇಳುತ್ತಾರಂತೆ, ಊಟ ಆಯಿತೇ ಎಂದೂ ಕೇಳುತ್ತಾರಂತೆ. ಇಪ್ಪತ್ತು ವರ್ಷದಿಂದ ನಮ್ಮ ಬೀದಿಯಲ್ಲಿ ಯಾರೂ ನನ್ನನ್ನು ಎತ್ತ ಹೊರಟಿ ಎಂದು ಕೇಳಿರಲಿಲ್ಲ. ಬರೀ ಹವಾಮಾನ ಕೇಳುತ್ತಿದ್ದರು, ಅದು ನನಗೇನು ಗೊತ್ತು?

ನಿಧಾನಕ್ಕೆ ಒಂದು ವಿಚಿತ್ರ ನಡೆಯಿತು. ಮೆಟ್ರೊಪಾಲಿಟನ್ ಲೈನಿನ ರೈಲಿನಲ್ಲಿ, ಕಿಂಗ್ಸ್‌ಬರಿಯ ಕಿರಾಣಿ ಅಂಗಡಿಗೆ ಹೋಗುವ ಬಸ್ಸಿನಲ್ಲಿ, ಮಗಳು ನನ್ನ ಕಿವಿಗೆ ಬಗ್ಗಿ ಇಂಡೊನೇಷ್ಯನ್ನಿನಲ್ಲಿ ಏನಾದರೂ ಪಿಸುಗುಡತೊಡಗಿದಳು. ಎದುರಿನವರ ದೊಡ್ಡ ಟೋಪಿ. ಪೇಪರ್ ಓದುತ್ತ ನಿದ್ದೆ ಹೋದವರ ಬಾಯಿ. ಅರ್ಧ ವಾಕ್ಯ, ಮುಕ್ಕಾಲು ತಪ್ಪು. ನಾನೂ ಅಷ್ಟೇ ತಪ್ಪಾಗಿ ಉತ್ತರ ಹೇಳುತ್ತಿದ್ದೆ. ಇಬ್ಬರೂ ಮುಸಿಮುಸಿ ನಗುತ್ತಿದ್ದೆವು. ಹೆತ್ತ ಮಗಳು ನನ್ನ ಜೊತೆ ಇಂಗ್ಲಿಷಲ್ಲದ ಒಂದು ಭಾಷೆಯಲ್ಲಿ ಮಾತಾಡುತ್ತಿದ್ದಳು, ಅದು ನನ್ನದೂ ಅಲ್ಲ, ಅವಳದೂ ಅಲ್ಲ. ಸಂತೋಷಕ್ಕೆ ಉಬ್ಬಬೇಕೋ, ಹೊಟ್ಟೆಕಿಚ್ಚಿಗೆ ಸಾಯಬೇಕೋ ತಿಳಿಯಲಿಲ್ಲ. ಈ ಸುದ್ದಿ ಅವ್ವನಿಗೆ ಹೇಳಿದೆ. “ಅಂದ್ರ ಹುಡುಗಿ ಬಾಯಿ ಚೊಲೊ ಐತಿ. ನನ್ನ ಮ್ಯಾಲ ಏನೋ ಸಿಟ್ಟೈತಿ ಆಕಿಗೆ” ಎಂದಳು. ಛೇ, ಹಾಗೇನಿಲ್ಲ ಎಂದೆ.

ಜುಲೈನಲ್ಲಿ ಸುರಬಾಯಾಕ್ಕೆ ಹೋದೆವು. ವಿಮಾನದಿಂದ ಇಳಿದರೆ ನಮ್ಮ ಕಡೆಯ ಬೇಸಿಗೆಯ ಸೆಕೆ, ಡೀಸೆಲ್ ವಾಸನೆ, ಎಲ್ಲಿಂದಲೋ ಕೊಬ್ಬರಿ ಎಣ್ಣೆಯಲ್ಲಿ ಏನೋ ಕರಿಯುವ ವಾಸನೆ. ಗಂಡ ಕರೆಯಲು ಬಂದಿದ್ದರು. ಅಷ್ಟು ತಿಂಗಳು ಅಲ್ಲಿದ್ದೂ ಆ ಮಹಾರಾಯರು ಕಲಿತದ್ದು ಕಾರಿನ ಡ್ರೈವರಿಗೆ ಎಡ, ಬಲ, ನಿಲ್ಲಿಸು ಎನ್ನುವುದಷ್ಟೇ. ನಾನು ಡ್ರೈವರಣ್ಣನಿಗೆ ಪಾಠದಲ್ಲಿ ಬಾಯಿಪಾಠ ಮಾಡಿದ್ದ ಉದ್ದನೆಯ ನಮಸ್ಕಾರ ಒಪ್ಪಿಸಿದೆ. ಅವರು ಸ್ಟೀರಿಂಗ್ ಬಿಟ್ಟು ಎರಡೂ ಕೈ ಎತ್ತಿ “ಪಿಂತಾರ್!” ಎಂದರು. ಆಗ ತಿಳಿಯಿತು, ಅದು ನಮ್ಮ ಟೀಚರೊಬ್ಬರದೇ ಪದ್ಧತಿಯಲ್ಲ, ಆ ಊರಿನದೇ ಪದ್ಧತಿ. ತರಕಾರಿ ಮಾರುವವಳು, ಅಂಚೆ ಕಚೇರಿಯವರು, ಪಕ್ಕದ ಮನೆಯ ಮುದುಕಿ, ಎಲ್ಲರೂ ಹಾಗೆಯೇ. ನಾವು ಒಂದು ಶಬ್ದ ಅಂದರೆ ಸಾಕು, ಹೊಗಳಿಕೆ ಮೊದಲು, ಮುಂದಿನ ಮಾತು ಆಮೇಲೆ. ಬದನೆಕಾಯಿ ಕೊಳ್ಳುವಾಗ ನಾನು ಅಂಕಿ ತಪ್ಪಿ ಒಂದು ಗಾಡಿ ತುಂಬುವಷ್ಟು ಕೇಳಿದೆ. ಆಕೆ ನಗಲಿಲ್ಲ. ಬೆರಳು ಮಡಿಚಿ ತೋರಿಸಿ, ಇಷ್ಟು ಸಾಕಲ್ಲವೇ ಅಕ್ಕಾ ಎನ್ನುವ ಹಾಗೆ ಕೇಳಿ, ಮೇಲೆ ಒಂದು ಹಿಡಿ ಹಸಿಮೆಣಸಿನಕಾಯಿ ಹಾಕಿದಳು.

ಮೊದಲ ಕೆಲವು ದಿನ ಮಗಳು ನನ್ನ ಹಿಂದೆ ನಿಂತು ಎಲ್ಲ ನೋಡಿದಳು. ಆಮೇಲೆ ನನ್ನ ಪಕ್ಕಕ್ಕೆ ಬಂದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ನಡೆದಳು.

ಒಂದು ಶನಿವಾರ ಗಂಡನಿಗೆ ಕೆಲಸವಿತ್ತು. ನಾವಿಬ್ಬರೇ ಮಲಾಂಗ್ ಎಂಬ ತಂಪು ಊರಿಗೆ ರೈಲು ಹತ್ತಿದೆವು. ಎದುರು ಸೀಟಿನಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬರು, ಮಡಿಲಲ್ಲಿ ಕರಿದ ತೋಫುವಿನ, ಅಂದರೆ ಸೋಯಾ ಪನೀರಿನ, ಬುಟ್ಟಿ. ಕೂಡುತ್ತಲೇ ಎತ್ತ ಹೊರಟಿರಿ, ಊಟ ಆಯಿತೇ, ಇವಳು ಮಗಳೇ, ಒಬ್ಬಳೇ ಮಗಳೇ, ಎಲ್ಲ ಶುರುವಾಯಿತು. ಮಗಳು ಉತ್ತರ ಕೊಡುತ್ತ ಹೋದಳು. ನನಗೆ ಹಿಂದಿನ ದಿನದ ತಲೆನೋವು ಇತ್ತು, ಕಿಟಕಿಗೆ ಒರಗಿ ಕಣ್ಣು ಮುಚ್ಚಿದೆ. ಇಬ್ಬರೂ ನಾನು ಮಲಗಿದ್ದೇನೆ ಎಂದುಕೊಂಡರು.

ಕಣ್ಣು ಮುಚ್ಚುವ ಮುಂಚೆ ನೋಡಿದ್ದೆ, ಕಿಟಕಿಯ ಹೊರಗೆ ಭತ್ತದ ಗದ್ದೆ, ಕೆಸರಿನಲ್ಲಿ ಎಮ್ಮೆಗಳು. ಅವುಗಳನ್ನು ತೋರಿಸಿಯೇ ಇರಬೇಕು, ಆ ಹೆಂಗಸು “ಕೆರ್ಬೌ” ಎಂದರು, ಎಮ್ಮೆ. ನಿಮ್ಮ ಲಂಡನ್ನಿನಲ್ಲಿ ಇಲ್ಲವೇ ಎಂದರು. ಇಲ್ಲ, ಆದರೆ ಇಂಡಿಯಾದಲ್ಲಿ ನಮ್ಮ ಅಜ್ಜಿಯ ಮನೆ ಮುಂದೆ ಬರುತ್ತಿತ್ತು ಎಂದಳು ಮಗಳು. ಅಜ್ಜಿಯ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತೀ? ಮಗಳು, ಮಾತಾಡುವುದಿಲ್ಲ ಎಂದಳು. ಯಾಕಮ್ಮಾ? “ಮಾಲು” ಎಂದಳು. ನಾಚಿಕೆ. ಆ ಶಬ್ದ ನಮ್ಮ ಮೂರನೆಯ ಪಾಠದಲ್ಲಿತ್ತು. ನಾನು ಕಣ್ಣು ತೆರೆಯಲಿಲ್ಲ.

ಆಮೇಲೆ ಅವಳು ಆ ಗುರುತಿಲ್ಲದ ಹೆಂಗಸಿಗೆ, ಒಂದೊಂದೇ ಶಬ್ದ ಹುಡುಕಿ ಜೋಡಿಸಿ, ಎಲ್ಲ ಹೇಳಿದಳು. ಧಾರವಾಡದಲ್ಲಿ ಬೆಳಗ್ಗೆ ಗೌಳಿಯವನು ಎಮ್ಮೆಯನ್ನೇ ಮನೆ ಬಾಗಿಲಿಗೆ ಹೊಡೆದುಕೊಂಡು ಬಂದು ಕಣ್ಣೆದುರು ಹಾಲು ಹಿಂಡಿ ಕೊಡುತ್ತಿದ್ದ. ಲಂಡನ್ನಿನಿಂದ ಹೊರಡುವ ಮುಂಚೆ ನಾನು ಅವಳಿಗೆ ಹೇಳಿದ್ದೆನಂತೆ, ಊರಿನಲ್ಲಿ ಎಲ್ಲರಿಗೂ ರೀ ಅನ್ನಬೇಕು, ಯಾರಿಗೂ ಬಿಡಬಾರದು ಎಂದು. ಏಳು ವರ್ಷದ ಹುಡುಗಿ ಲೋಟ ಹಿಡಿದು ಎಮ್ಮೆಯ ಮುಂದೆ ನಿಂತು ಕೈ ಮುಗಿದು ಕೇಳಿದ್ದಾಳೆ: “ಎಮ್ಮಿಯವರ, ನಾ ನಿಮ್ಮ ಹಾಲು ಕುಡೀಲೇನ್ರಿ?” ಅಜ್ಜಿ ಬಿದ್ದು ಬಿದ್ದು ನಕ್ಕಿದ್ದಾಳೆ. ಓಣಿಯವರನ್ನೆಲ್ಲ ಕರೆದಿದ್ದಾಳೆ. ಅವರ ಮುಂದೆ ಮತ್ತೊಮ್ಮೆ ಹೇಳಿಸಿದ್ದಾಳೆ. ಮರುದಿನ ಬಳೆಗಾರ ಬಂದರೆ ಅವನ ಮುಂದೆ, ಸೋದರಮಾವನ ಗೆಳೆಯರು ಬಂದರೆ ಅವರ ಮುಂದೆ. ವಾರವಿಡೀ. ಎಲ್ಲರೂ ನಕ್ಕರು, “ಸೆಮುವಾ ಓರಾಂಗ್ ತೆರ್ತಾವಾ” ಎಂದಳು. ತಾನು ಮಾತಾಡುವುದು ಜನ ನಗಲಿಕ್ಕೆ ಎಂದು ಆಗ ತಿಳಿದುಕೊಂಡೆ, ಅದಕ್ಕೇ ನಿಲ್ಲಿಸಿದೆ ಎಂದಳು.

ಆ ಹೆಂಗಸು ನಗಲಿಲ್ಲ. ಬಹಳ ಗಂಭೀರವಾಗಿ, ಎಮ್ಮೆಗೂ ಮರ್ಯಾದೆ ಕೊಡಬೇಕಲ್ಲಮ್ಮಾ, ನಮಗಾಗಿ ಕೆಸರಿನಲ್ಲಿ ನಿಂತು ದುಡಿಯುವುದು ಅದೇ ಅಲ್ಲವೇ ಎಂದರು. ಬುಟ್ಟಿ ಸರಪರ ಎಂದಿತು, ಒಂದು ತೋಫು ತಿನ್ನು ಎಂದು ಮಗಳಿಗೆ ಕೊಟ್ಟರು.

ನನ್ನ ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಜೊತೆಗೆ ಪಿತ್ತ ನೆತ್ತಿಗೇರುತ್ತಿತ್ತು. ಎಂಟು ವರ್ಷ! ಎಂಟು ವರ್ಷ ನಾನು ಶಾಲೆಯನ್ನು ಬೈದೆ, ಟಿವಿಯನ್ನು ಬೈದೆ, ಆ ಸಾಧು ಗಂಡನನ್ನು ಬೈದೆ. ಮಾಡಿದ್ದು ಯಾರು? ನಮ್ಮವ್ವ. ಕಿವಿ ಹೋಗುವ ಮುಂಚೆ ಮಾತು ಕೇಳಬೇಕು ಎನ್ನುವ ಅದೇ ನಮ್ಮವ್ವ. ಮತ್ತೆ ನಿಜ ಹೇಳಬೇಕೆಂದರೆ, ಅದು ಅವ್ವನೊಬ್ಬಳ ತಪ್ಪಲ್ಲ. ಮಗು ಏನಾದರೂ ಚೆಂದದ ಮಾತು ಅಂದರೆ ಓಣಿ ಕೂಡಿಸಿ ಮತ್ತೊಮ್ಮೆ ಹೇಳಿಸುವುದು, ನಗುವುದು, ಅದು ನಮ್ಮ ಮಂದಿ ಮುದ್ದು ಮಾಡುವ ರೀತಿ. ಅದು ಮುದ್ದು ಎಂದು ಮಾಡುವವರಿಗೆ ಮಾತ್ರ ಗೊತ್ತಿರುತ್ತದೆ.

ಲಂಡನ್ನಿಗೆ ಮರಳಿದ ಮೊದಲ ಭಾನುವಾರ, ಮಗಳು ಮನೆಯಲ್ಲಿಲ್ಲದ ಹೊತ್ತು ನೋಡಿ, ಫೋನಿನಲ್ಲಿ ಅವ್ವನಿಗೆ ಎಲ್ಲ ಹೇಳಿದೆ. ಹೇಳಿದೆ ಎನ್ನುವುದಕ್ಕಿಂತ ಕೂಗಿದೆ, ಕಿವಿಯ ಕಾರಣವೂ ಇತ್ತು, ಸಿಟ್ಟಿನ ಕಾರಣವೂ ಇತ್ತು.

“ನಾ ಖುಷೀಲೆ ನಕ್ಕಿದ್ನೆವಾ” ಎಂದಳು ಅವ್ವ. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. “ಎಂಥಾ ಚಂದ ಅಂದಿತ್ತು ಗೊತ್ತೈತೇನು ಕೂಸು. ಎಮ್ಮಿಯವರ ಅಂತ. ಊರಿಗೆಲ್ಲ ಕೇಳಸಬೇಕು ಅನಿಸಿತ್ತು.”

“ನೀ ಖುಷೀಲೆ ನಕ್ಕಿ. ಆಕಿಗೆ ಹೆಂಗ ತಿಳೀಬೇಕು?”

“ನಾ ಅಲ್ಲೆ ಬರ್ತೀನಿ” ಎಂದಳು ಅವ್ವ. “ಅಣ್ಣಗ ಹೇಳು, ವೀಸಾ ಮಾಡಸಲಿ. ಆಕಿ ಒಂದು ಮಾತು ಅಂದ್ರೂ ನಾ ನಗೂದಿಲ್ಲ. ಏನಂದ್ರೂ ನಗೂದಿಲ್ಲ. ನಿನ್ನ ಆಣಿ.”

ಅವ್ವ ನಗದೆ ಇರುವುದೇ? ಅವಳ ನಗು ಆರಂಭವಾದರೆ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಬೇಕು, ಹಾಗೆ. ನನಗೆ ನಂಬಿಕೆ ಇರಲಿಲ್ಲ. ಆದರೂ ಮುಂದಿನ ವರ್ಷದ ಮೇ ತಿಂಗಳಿನಲ್ಲಿ ಅವ್ವ ಹೀಥ್ರೋ ವಿಮಾನ ನಿಲ್ದಾಣದಲ್ಲಿ ಇಳಿದಳು. ಇಳಕಲ್ ಸೀರೆ, ಕಾಲಿಗೆ ಅಣ್ಣನ ಕ್ಯಾನ್ವಾಸ್ ಬೂಟು, ಬಲಗಿವಿಗೆ ಮಷೀನು. ಮಗಳು ಮುಂದೆ ಹೋಗಿ “ಹಾಯ್ ಅಜ್ಜಿ” ಎಂದಳು. ಅವ್ವ ತಟಕ್ಕನೆ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು, ತಲೆ ಮಾತ್ರ ಆಡಿಸಿದಳು.

ಅಂದಿನಿಂದ ಅದೇ. ಮಗಳು ಬಾಯಿ ತೆರೆದರೆ ಸಾಕು, ಅವ್ವನ ಬಾಯಿಗೆ ಸೆರಗು. ಮಗಳು ಇಂಗ್ಲಿಷಿನಲ್ಲಿ ಏನು ಅಂದರೂ, ನಗುವ ಮಾತೇ ಇಲ್ಲದಿದ್ದರೂ, ಮುಂಜಾಗ್ರತೆಗೆ ಸೆರಗು. ಅಜ್ಜಿಗೆ ಹಲ್ಲುನೋವಿದೆಯಾ, ಡೆಂಟಿಸ್ಟ್ ಹತ್ತಿರ ಕರೆದುಕೊಂಡು ಹೋಗಬೇಕಾ ಎಂದು ಮಗಳು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದಳು. ನಾನು ರೈಲಿನಲ್ಲಿ ಕೇಳಿಸಿಕೊಂಡದ್ದನ್ನು ಅವಳಿಗೆ ಹೇಳಿರಲಿಲ್ಲ. ಅದು ಅವಳು ಆ ಹೆಂಗಸಿಗೆ ಹೇಳಿದ ಮಾತು, ನನಗೆ ಹೇಳಿದ್ದಲ್ಲ. ಹಲ್ಲು ಗಟ್ಟಿಯಿದೆ ಎಂದಷ್ಟೇ ಹೇಳಿದೆ.

ವಾರಗಳು ಕಳೆದವು. ಅಜ್ಜಿ ಮೊಮ್ಮಗಳು ಒಂದೇ ಸೋಫಾದಲ್ಲಿ ಕೂಡುವರು. ಅಜ್ಜಿ ಅವಳ ಕೂದಲಿಗೆ ಎಣ್ಣೆ ಹಚ್ಚುವಳು, ಅವಳು ಅಜ್ಜಿಯ ಮಷೀನಿನ ಬ್ಯಾಟರಿ ಬದಲಿಸುವಳು. ಪ್ರೀತಿಗೆ ಕೊರತೆಯಿರಲಿಲ್ಲ, ಮಾತು ಮಾತ್ರ ಇರಲಿಲ್ಲ. ಬ್ಯಾಟರಿ ಹೊಸದಾದರೂ ಕಿವಿ ದಿನದಿನಕ್ಕೆ ಮಂದವಾಗುತ್ತಿತ್ತು. ಬಾಗಿಲ ಗಂಟೆ ಕೇಳುವುದು ನಿಂತಿತು. ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಕಡೆಗೆ ಅವ್ವ ತಾನೇ ಒಂದು ದಿನ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನನ್ನ ಮುಂದೆ ನಿಂತಳು. “ಆಕಿ ನನ್ನ ಭಾಷಾ ಆಡೂದಿಲ್ಲಂದ್ರ ಬ್ಯಾಡ. ನಾನ ಆಕಿ ಭಾಷಾ ಕಲೀತೀನಿ. ಇಂಗ್ಲಿಷ್ ಬ್ಯಾಡ, ಅದು ಎಲ್ಲಾರಿಗೂ ಬರ್ತದ. ನೀವಿಬ್ಬರೂ ಆಡೂದು ಐತೆಲ್ಲಾ, ಆ ಎಮ್ಮಿ ಊರಿನ ಭಾಷಾ, ಅದನ್ನ ಕಲಸ್ರಿ.”

ನಾನು ಬೇಡವೆಂದೆ, ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದೆ. ಮಗಳು ನನ್ನನ್ನು ಕೆಕ್ಕರಿಸಿ ನೋಡಿದಳು, ಮೇಲೆ ಹೋಗಿ ಟೇಪ್ ರೆಕಾರ್ಡರನ್ನೂ ಟೀಚರ ಕ್ಯಾಸೆಟ್ಟನ್ನೂ ತಂದಳು. ಅಜ್ಜಿಯನ್ನು ಕಿಟಕಿಯ ಪಕ್ಕ ಕೂಡಿಸಿ, ರೆಕಾರ್ಡರನ್ನು ಬಲಗಿವಿಯ ಹತ್ತಿರ ಇಟ್ಟು, ದನಿಯನ್ನು ಪೂರ್ತಿ ಏರಿಸಿದಳು. ಕೇಳಿದ್ದನ್ನು ಹಾಗೆಯೇ ತಿರುಗಿ ಹೇಳಬೇಕು ಎಂದು ಕೈಸನ್ನೆ ಮಾಡಿ ತೋರಿಸಿದಳು. ಅವ್ವ ಗೋಣು ಹಾಕಿದಳು. ನಾನು ಚಪಾತಿ ಹಿಟ್ಟು ನಾದಲು ಅಡುಗೆಮನೆಗೆ ಹೋದೆ.

ಮನೆ ಅದುರುವ ಹಾಗೆ ಟೀಚರ ದನಿ ಬಂತು. “ಅಪಾ ಕಬರ್?”

ಅವ್ವನಿಗೆ ಖಬರು ತಿಳಿಯಿತು. ತಿರುಗಿ ಹೇಳುವುದು ಗಿಡುವುದು ಎಲ್ಲ ಮರೆತಳು. ಮನೆಗೆ ಬಂದವರ ಜೊತೆ ಮಾತಾಡುವ ಹಾಗೆ, ಅಷ್ಟೇ ದೊಡ್ಡ ದನಿಯಲ್ಲಿ, “ಎಲ್ಲಾ ಚೊಲೊ ಖಬರ ಐತ್ರಿ ಬಾಯಾರ. ನಿಮ್ಮ ಕಡೆ ಹೆಂಗ್ರಿ?” ಎಂದಳು. ಉತ್ತರಕ್ಕೆ ಕಾದಳು. ಟೇಪು ಅದರ ಪದ್ಧತಿಯಂತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅದನ್ನೇ ಕೇಳಿತು. “ಅಪಾ ಕಬರ್?”

“ಈಗರ ಹೇಳಿದ್ನೆಲ್ರಿ, ಚೊಲೊ ಐತಿ ಅಂತ. ಯಾಕ್ರಿ ಬಾಯಾರ, ನಿಮ್ಮ ಕಿವೀನೂ ಹೋಗ್ಯಾವೇನು?”

ಟೇಪಿನಲ್ಲಿ ಕೆಟಲ್ ಸೀಟಿ ಹೊಡೆಯಿತು.

“ಅಯ್ಯ, ಚಾ ಉಕ್ಕಾಕತ್ತೈತಿ ನೋಡ್ರಿ! ಹೋಗ್ರಿ, ಮೊದಲ ಅದನ್ನ ಇಳಿಸಿ ಬರ್ರಿ. ನಾ ಇಲ್ಲೇ ಕುಂತಿರ್ತೀನಿ.”

ಆಮೇಲೆ ಒಂದು ನಗು ಕೇಳಿತು. ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ನಗುವ ನಗು. ಅವ್ವನದಿರಬೇಕು ಎಂದುಕೊಂಡೆ. ಅಲ್ಲ. ಮಗಳದು.

“ಮಮ್ಮೀ! ಲಗೂ ಬಾ! ಬಾರವಾ ಇಲ್ಲೆ! ಅಜ್ಜಿ ಟೇಪಿನ ಕೂಡ ಮಾತಾಡಾಕತ್ತಾಳ! ಅದಕ್ಕ ರೀ ಅನ್ನಾಕತ್ತಾಳ!”

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಎಂಟು ವರ್ಷಕ್ಕಿಂತ ಹೆಚ್ಚು ಕಾಲ ಮುಚ್ಚಿದ್ದ ಬಾಯಿಂದ, ಒಂದು ಅಕ್ಷರ ತುಕ್ಕು ಹಿಡಿಯದೆ, ನಮ್ಮ ಓಣಿಯ ಕನ್ನಡ. ಓಡಿ ಹೋಗಿ ಬಾಗಿಲಲ್ಲಿ ನಿಂತೆ. ಮಗಳಿಗೆ ತಾನು ಏನಂದೆ ಎಂಬ ಪರಿವೆಯೇ ಇರಲಿಲ್ಲ. ಅಜ್ಜಿಯ ಮೊಣಕಾಲು ಹಿಡಿದು ಅಲುಗಾಡಿಸುತ್ತ, ಬಲಗಿವಿಗೆ ಬಾಯಿ ಹಚ್ಚಿ ಕೂಗುತ್ತಿದ್ದಳು. “ಮತ್ತೊಮ್ಮೆ ಹೇಳ ಅಜ್ಜಿ! ಮಮ್ಮಿ ಕೇಳಬೇಕು, ಮತ್ತೊಮ್ಮೆ ಹೇಳ!”

ಅವ್ವ ಹೇಳಲಿಲ್ಲ. ಹೇಳುವ ಸ್ಥಿತಿಯಲ್ಲಿರಲಿಲ್ಲ. ಸೆರಗಿನ ತುದಿಯಷ್ಟೇ ಅಲ್ಲ, ಅರ್ಧ ಸೆರಗನ್ನೇ ಬಾಯಿಗೆ ತುರುಕಿಕೊಂಡಿದ್ದಳು. ಮುಖ ಕೆಂಪಾಗಿತ್ತು, ಹೆಗಲು ಕುಲುಕುತ್ತಿತ್ತು, ಕಣ್ಣಿನಿಂದ ನೀರು ಧಾರಾಕಾರ. ಆ ಕಣ್ಣು ಮಾತ್ರ ನನ್ನ ಮೇಲಿತ್ತು, ಆಣೆಗೆ ಸಾಕ್ಷಿ ನಾನೇ ಎಂಬ ಹಾಗೆ. ಸೆರಗನ್ನು ಒಂದಿಷ್ಟೇ ಸರಿಸಿ, “ನಾ ನಗಲಿಲ್ಲ” ಎಂದಳು. “ನೋಡಿದಿ ಹೌದಿಲ್ಲೋ? ನಾ ನಗಲಿಲ್ಲ.” ಮತ್ತೆ ತುರುಕಿಕೊಂಡಳು.

ಮಗಳ ನಗು ನಿಂತಿತು. ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು.

“ಅದು ಹಲ್ಲುನೋವಲ್ಲ” ಎಂದೆ ಮಗಳಿಗೆ. “ರೈಲಿನಾಗ ನಾ ಮಲಗಿದ್ದಿಲ್ಲ. ಎಮ್ಮಿ ಕತಿ ಎಲ್ಲಾ ಕೇಳಿದೆ, ಈಕಿಗೂ ಹೇಳಿದೆ. ನೀ ಏನಂದ್ರೂ ನಗೂದಿಲ್ಲ ಅಂತ ಆಣಿ ಮಾಡಿ ಬಂದಾಳ. ವಿಮಾನ ಇಳಿದಾಗಿಂದ ತಡಕೊಂಡಾಳ.”

ಮಗಳು ನನ್ನ ಮೇಲೆ ರೇಗುತ್ತಾಳೆ ಎಂದುಕೊಂಡೆ, ರೇಗುವುದು ನ್ಯಾಯವೇ ಆಗಿತ್ತು. ಟೇಪು ಇನ್ನೂ ಓಡುತ್ತಿತ್ತು, ಟೀಚರು ಎತ್ತ ಹೊರಟಿರಿ ಎಂದು ಕೇಳುತ್ತಿದ್ದರು. ಮಗಳು ಕೈ ಚಾಚಿ ಅದನ್ನು ಬಂದ್ ಮಾಡಿದಳು. ಆಮೇಲೆ ಅಜ್ಜಿಯ ಬಾಯಿಂದ ಸೆರಗನ್ನು ಮೆಲ್ಲಗೆ ಎಳೆದು ತೆಗೆದಳು, ಬಲಗಿವಿಗೆ ಬಗ್ಗಿದಳು.

“ನಗ ಅಜ್ಜಿ” ಎಂದಳು. “ನಗ, ಏನಾಗೂದಿಲ್ಲ.”